ಕುಲಾವಿ ಪಕ್ಷ, ಬಾವಿ ಪಕ್ಷ

2025ರ ಜುಲೈ 30ರ ರಾತ್ರಿ. ಅಡುಗೆಮನೆ ಕಟ್ಟೆ ಒರೆಸಿ ಲೈಟ್ ಆರಿಸುವ ಹೊತ್ತಿಗೆ ಫೋನ್ ಗುಂಯ್ ಅಂತು. ಸಾಗರದ ಗೆಳೆಯನ ಮೆಸೇಜು. ಎರಡೇ ಪದ: "ಜೀನೋ ಬಂದ."

ಬಂದ ಅಂದರೆ ಪೂರ್ತಿ ಸರಿಯಲ್ಲ. ವಾಪಸ್ ಬಂದ. ಯೂಹೇನಿಯೊ ಸ್ವಾರೆಸ್ ವೆನೆಜುವೆಲಾದವನು. ಸಿಯಾಟಲ್‌ನಲ್ಲಿ ಎಲ್ಲರ ಬಾಯಲ್ಲೂ ಅವನು ಜೀನೋ. "ಗುಡ್ ವೈಬ್ಸ್ ಓನ್ಲಿ" ಅನ್ನುವುದು ಅವನ ಮಂತ್ರ, ಸೋತ ದಿನವೂ ಹಲ್ಲು ಬಿಟ್ಟು ನಗುವ ಮನುಷ್ಯ. 2022ರ ಮಾರ್ಚ್‌ನಲ್ಲಿ ಸಿಯಾಟಲ್‌ನ ಬೇಸ್‌ಬಾಲ್ ತಂಡವಾದ ನಮ್ಮ ಮ್ಯಾರಿನರ್ಸ್ ಅವನನ್ನು ಸಿನ್ಸಿನಾಟಿಯಿಂದ ತಂದರು. 2023ರ ನವೆಂಬರ್‌ನಲ್ಲಿ ಅರಿಜೋನಾಕ್ಕೆ ಕೊಟ್ಟರು. ಈಗ, ಆಟಗಾರರ ಅದಲುಬದಲಿನ ಗಡುವಿನ ಹಿಂದಿನ ರಾತ್ರಿ, ಅದೇ ಅರಿಜೋನಾದಿಂದ ಮೂವರು ಹುಡುಗರನ್ನು ಕೊಟ್ಟು ಬಿಡಿಸಿಕೊಂಡರು. ಬಿಡಿಸಿಕೊಂಡರು ಅನ್ನುವ ಪದವೇ ಸರಿ. ಗಿರವಿ ಅಂಗಡಿಯಲ್ಲಿ ಅಡವಿಟ್ಟ ಬಳೆಯನ್ನು ಹಬ್ಬ ಹತ್ತಿರ ಬಂದಾಗ ಬಡ್ಡಿ ಕಟ್ಟಿ ಬಿಡಿಸಿಕೊಳ್ಳುವ ಹಾಗೆ.

ನಾನು ಖುಷಿ ಪಡಬೇಕಿತ್ತು. ಪಟ್ಟೆ ಕೂಡ. ಆದರೆ ಬೆರಳು ಟೈಪ್ ಮಾಡಿದ್ದು ಬೇರೆ: "ಅವತ್ತು ಯಾಕೆ ಕೊಟ್ರಂತೆ?"

ತಕ್ಷಣ ಉತ್ತರ ಬಂತು. "ಶುರು ಮಾಡಿದ್ಯಾ ಮಾರಾಯ."

ಹೌದು, ಇದು ನಮ್ಮಿಬ್ಬರ ಹಳೇ ಜಗಳ. ನಮ್ಮಿಬ್ಬರದು ಮಾತ್ರ ಅಲ್ಲ, ಬೇಸ್‌ಬಾಲ್ ನೋಡುವ ಪ್ರತಿ ಊರಿನ ಜಗಳ. ತಂಡದಲ್ಲಿ ಒಂದು ತೂತು ಇದೆ ಅಂದುಕೊಳ್ಳಿ. ಅದನ್ನು ಚಳಿಗಾಲದಲ್ಲೇ, ಆಟ ಶುರುವಾಗುವ ಮುಂಚೆಯೇ, ಯಾರನ್ನಾದರೂ ತಂದು ಮುಚ್ಚಬೇಕಾ? ಅಥವಾ ಜುಲೈ ಕೊನೆಯವರೆಗೆ ಕಾದು, ತಂಡ ಎಲ್ಲಿ ನಿಂತಿದೆ ನೋಡಿಕೊಂಡು, ಆಮೇಲೆ ಕೈ ಹಾಕಬೇಕಾ?

ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಮೇಜರ್ ಲೀಗ್‌ನಲ್ಲಿ 30 ತಂಡ. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದೊಂದು ತಂಡಕ್ಕೂ 162 ಪಂದ್ಯ. ಹೆಚ್ಚುಕಮ್ಮಿ ದಿನಾ ಆಟ. ನಮ್ಮ ಐಪಿಎಲ್ ಥರ ಹರಾಜು ಇಲ್ಲ. ಒಪ್ಪಂದ ಮುಗಿದವರು ಚಳಿಗಾಲದಲ್ಲಿ ತಮಗೆ ಬೇಕಾದ ತಂಡಕ್ಕೆ ಸಹಿ ಹಾಕುತ್ತಾರೆ. ಒಪ್ಪಂದದಲ್ಲಿ ಇರುವವರನ್ನು ತಂಡಗಳು ಅದಲುಬದಲು ಮಾಡಿಕೊಳ್ಳುತ್ತವೆ. ಅದೇ ಟ್ರೇಡ್. ಸಾಮಾನ್ಯವಾಗಿ ಆಟಗಾರನನ್ನು ಯಾರೂ ಕೇಳುವುದಿಲ್ಲ. ಲೀಗ್‌ನಲ್ಲಿ 10 ವರ್ಷ ಆಡಿ, ಅದರಲ್ಲಿ ಕೊನೆಯ 5 ವರ್ಷ ಒಂದೇ ತಂಡದಲ್ಲಿ ಕಳೆದವನು ಮಾತ್ರ "ಒಲ್ಲೆ" ಅನ್ನಬಹುದು, ಇಲ್ಲವೇ ಒಪ್ಪಂದದಲ್ಲೇ ಹಾಗೆ ಬರೆಸಿಕೊಂಡಿರಬೇಕು. ಉಳಿದವರು ಫೋನ್ ಬಂದರೆ ಗಂಟುಮೂಟೆ ಕಟ್ಟಬೇಕು. ಈ ಅದಲುಬದಲಿಗೆ ಜುಲೈ ಕೊನೆಯ ಸುಮಾರಿಗೆ ಒಂದು ಗಡುವು. ಮೊದಲೆಲ್ಲ ಆಗಸ್ಟ್‌ನಲ್ಲೂ ಒಂದು ಹಿಂಬಾಗಿಲು ತೆರೆದಿರುತ್ತಿತ್ತು. 2019ರಿಂದ ಅದನ್ನೂ ಮುಚ್ಚಿದ್ದಾರೆ.

ಗೆಳೆಯ ಜುಲೈ ಪಕ್ಷ. ನಾನು ಚಳಿಗಾಲದ ಪಕ್ಷ. ಡಿಸೆಂಬರ್‌ನಲ್ಲಿ ನಾನು ಯಾರದೋ ಹೆಸರು ಹಿಡಿದು "ಇವನನ್ನ ಈಗಲೇ ತರಬೇಕು" ಅಂದರೆ ಅವನು, "ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತೀಯಲ್ಲ" ಅನ್ನುತ್ತಾನೆ. ಜುಲೈನಲ್ಲಿ ಅವನು ಗಂಟೆಗೊಂದು ಸಲ ಫೋನ್ ನೋಡುವಾಗ ನಾನು, "ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡ್ತಿದ್ದಾರೆ ನೋಡು" ಅನ್ನುತ್ತೇನೆ. ಹೀಗೆ ನಮ್ಮಲ್ಲಿ ಎರಡು ಪಕ್ಷ ಆಗಿವೆ. ಕುಲಾವಿ ಪಕ್ಷ, ಬಾವಿ ಪಕ್ಷ.

ಬಾವಿಯವರ ವಾದ ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಡಿಸೆಂಬರ್‌ನಲ್ಲಿ ಯಾರಿಗೆ ಏನು ಗೊತ್ತಿರುತ್ತದೆ? ಏಪ್ರಿಲ್‌ನಲ್ಲಿ ಚೆಂಡು ಎಸೆಯುವ ನಿಮ್ಮ ಒಳ್ಳೇ ಪಿಚರ್‌ನ ಮೊಣಕೈ ಹೋಗಬಹುದು. ತೂತು ಅಂದುಕೊಂಡ ಜಾಗದಲ್ಲಿ ಯಾರೋ ಎಳೆ ಹುಡುಗ ಎದ್ದು ನಿಲ್ಲಬಹುದು. ಜುಲೈ ಹೊತ್ತಿಗೆ ನೂರು ಪಂದ್ಯ ಮುಗಿದಿರುತ್ತವೆ. ಸುಳ್ಳು ಹೇಳಲಿಕ್ಕೆ ಯಾರಿಗೂ ಜಾಗ ಇರುವುದಿಲ್ಲ.

ಆದರೆ ಬೆಲೆ? ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಕೆ.ಆರ್. ಮಾರ್ಕೆಟ್‌ಗೆ ಹೋಗಿ ಕನಕಾಂಬರದ ರೇಟು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೂವು ಅದೇ. ಮಾರುವವಳೂ ಅವಳೇ. ಆದರೆ ನಿಮಗೆ ಇವತ್ತೇ ಬೇಕು ಅಂತ ಅವಳಿಗೆ ಗೊತ್ತು. 2022ರಿಂದ ಪ್ಲೇಆಫ್‌ಗೆ 12 ತಂಡ ಹೋಗುತ್ತವೆ. ಹಾಗಾಗಿ ಜುಲೈ ಕೊನೆಯಲ್ಲೂ ಮುಕ್ಕಾಲು ಪಾಲು ತಂಡಗಳು "ನಮಗೂ ಚಾನ್ಸ್ ಇದೆ" ಅಂತ ಕೂತಿರುತ್ತವೆ. ಕೊಳ್ಳುವವರು ಜಾಸ್ತಿ, ಮಾರುವವರು ಕಮ್ಮಿ. ಇನ್ನೊಂದು ಒಳಲೆಕ್ಕವೂ ಇದೆ. ಒಪ್ಪಂದ ಮುಗಿಯುವ ಆಟಗಾರನಿಗೆ ತಂಡ ಒಂದು ನಿಗದಿತ ಮೊತ್ತಕ್ಕೆ "ಇನ್ನೊಂದು ವರ್ಷ ಇರ್ತೀಯಾ" ಅಂತ ಕೇಳಬಹುದು. ಅವನು ಒಲ್ಲೆ ಅಂದು ಬೇರೆ ಕಡೆ ಸಹಿ ಹಾಕಿದರೆ, ಕೇಳಿದ ತಂಡಕ್ಕೆ ಮುಂದಿನ ಡ್ರಾಫ್ಟ್‌ನಲ್ಲಿ ಪರಿಹಾರವಾಗಿ ಒಬ್ಬ ಹುಡುಗನನ್ನು ಆರಿಸುವ ಅವಕಾಶ ಸಿಗುತ್ತದೆ. ಸೀಸನ್ ಮಧ್ಯೆ ತಂದವನಿಗೆ ಹಾಗೆ ಕೇಳುವ ಹಾಗೇ ಇಲ್ಲ. ಅಂದರೆ ಚಳಿಗಾಲದಲ್ಲಿ ತಂದವನು 162 ಪಂದ್ಯ ಆಡಿ, ಹೋಗುವಾಗಲೂ ಏನಾದರೂ ಬಿಟ್ಟುಹೋಗಬಹುದು. ಜುಲೈನಲ್ಲಿ ತಂದವನು ಎರಡು ತಿಂಗಳು ಆಡಿ, ಬರಿಗೈಯಲ್ಲಿ ಟಾಟಾ.

ಸಿಯಾಟಲ್‌ಗೆ ಇದು ಬರೀ ಹರಟೆ ವಿಷಯ ಅಲ್ಲ. ಇಲ್ಲಿನ ಗಾಳಿ ತಣ್ಣಗೆ, ಭಾರ. ಸಮುದ್ರದ ಪಕ್ಕದ ಆ ಕ್ರೀಡಾಂಗಣದಲ್ಲಿ ಬೇರೆ ಊರಲ್ಲಿ ಹೋಮ್ ರನ್ (ನಮ್ಮ ಸಿಕ್ಸರ್ ಥರ) ಆಗುವ ಚೆಂಡು ಫೀಲ್ಡರ್ ಕೈಗೆ ಬಂದು ಬೀಳುತ್ತದೆ. ಒಳ್ಳೇ ಬ್ಯಾಟರ್‌ಗಳು ತಾವಾಗಿ ಇಲ್ಲಿಗೆ ಬಂದು ಸಹಿ ಹಾಕುವುದು ಅಪರೂಪ. ಬೇಕಾದರೆ ಟ್ರೇಡ್ ಮಾಡಿಯೇ ತರಬೇಕು. ತಂಡ ನಡೆಸುವ ಜೆರಿ ಡಿಪೋಟೊಗೆ ಊರು ಇಟ್ಟ ಹೆಸರೇ "ಟ್ರೇಡರ್ ಜೆರಿ".

ಇತಿಹಾಸ ನೋಡಿದರೆ ಎರಡೂ ಪಕ್ಷಕ್ಕೂ ಬೇಕಾದಷ್ಟು ಗಾಯ ಸಿಗುತ್ತದೆ. 1997ರ ಜುಲೈ 31ರಂದು ಮ್ಯಾರಿನರ್ಸ್ ಹೀತ್‌ಕ್ಲಿಫ್ ಸ್ಲೋಕಂ ಅನ್ನುವ ಒಬ್ಬ ಪಿಚರ್‌ಗಾಗಿ ಬಾಸ್ಟನ್‌ಗೆ ಇಬ್ಬರು ಹುಡುಗರನ್ನು ಕೊಟ್ಟರು. ಜೇಸನ್ ವಾರಿಟೆಕ್, ಡೆರೆಕ್ ಲೋ. 2004ರಲ್ಲಿ ಬಾಸ್ಟನ್ 86 ವರ್ಷದ ನಂತರ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಕೊನೆಯ ಫೈನಲ್, ಗೆದ್ದಾಗ ಇಬ್ಬರೂ ಅಲ್ಲಿದ್ದರು. ಆ ವರ್ಷದ ಮೂರೂ ಪ್ಲೇಆಫ್ ಸರಣಿಗಳ ಕೊನೆಯ ಗೆಲುವು ಲೋ ಹೆಸರಲ್ಲೇ ಇದೆ. ನಾನು ಇದನ್ನು ಎತ್ತಿದರೆ ಗೆಳೆಯ 2008ರ ಫೆಬ್ರವರಿ ಎತ್ತುತ್ತಾನೆ. ಆಗ ಎರಿಕ್ ಬೆಡಾರ್ಡ್ ಅನ್ನುವ ಪಿಚರ್‌ಗಾಗಿ ಆಡಮ್ ಜೋನ್ಸ್ ಸೇರಿ ಐವರನ್ನು ಬಾಲ್ಟಿಮೋರ್‌ಗೆ ಕೊಟ್ಟರು. ಜೋನ್ಸ್ ಅಲ್ಲಿ ಐದು ಸಲ ಆಲ್ ಸ್ಟಾರ್ ಆದ. ಬೆಡಾರ್ಡ್ ಇಲ್ಲಿ ಗಾಯ ಮಾಡಿಕೊಂಡು 2010ರ ಸೀಸನ್ ಪೂರ್ತಿ ಆಡಲೇ ಇಲ್ಲ. ಅದು ಅಪ್ಪಟ ಚಳಿಗಾಲದ ಎಡವಟ್ಟು. ನಾನು ಕಾಫಿ ಕುಡಿಯುತ್ತೇನೆ.

ನಮ್ಮ ಆಫೀಸಿನಲ್ಲಿ ಒಬ್ಬರು ಹಿರಿಯರಿದ್ದಾರೆ, ಇದೇ ಊರಲ್ಲಿ ಹುಟ್ಟಿ ಬೆಳೆದವರು. ಅವರಂತೂ ಪಕ್ಕಾ ಬಾವಿ ಪಕ್ಷ. ಕಾರಣ 1995. ಆ ವರ್ಷ ಆಗಸ್ಟ್ ಶುರುವಿನಲ್ಲಿ ಮ್ಯಾರಿನರ್ಸ್ ಪಟ್ಟಿಯಲ್ಲಿ ಮೊದಲ ತಂಡಕ್ಕಿಂತ 13 ಪಂದ್ಯ ಹಿಂದಿದ್ದರು. ಅದಕ್ಕೆ ಸ್ವಲ್ಪ ಮುಂಚೆ, ಗಡುವಿನ ದಿನ, ಸ್ಯಾನ್ ಡಿಯಾಗೋದಿಂದ ಆ್ಯಂಡಿ ಬೆನೆಸ್ ಅನ್ನುವ ಪಿಚರ್‌ನನ್ನು ತಂದರು. ಇಷ್ಟು ಹಿಂದೆ ಬಿದ್ದಿರುವ ತಂಡ ಯಾಕಾದರೂ ಕೊಳ್ಳಬೇಕು ಅಂತ ಎಲ್ಲರೂ ನಕ್ಕರಂತೆ. ಬೆನೆಸ್ ಇಲ್ಲಿ 7 ಗೆದ್ದು 2 ಸೋತ. ತಂಡ ತನ್ನ ಡಿವಿಷನ್, ಅಂದರೆ ತನ್ನ ಗುಂಪನ್ನು, ಗೆದ್ದಿತು. ಹಳೇ ಕಿಂಗ್‌ಡೋಮ್‌ನ ಕಾಂಕ್ರೀಟ್ ಸೂರಿನ ಕೆಳಗೆ ಎಡ್ಗರ್ ಮಾರ್ಟಿನೆಸ್‌ನ ಡಬಲ್ ಹೊಡೆತಕ್ಕೆ ನ್ಯೂಯಾರ್ಕ್ ಯಾಂಕೀಸ್ ಮನೆಗೆ ಹೋದರು. ಅವತ್ತು ತಾನಲ್ಲಿದ್ದೆ ಅಂತ ಅವರು ಹೇಳುವಾಗ ಎದುರು ವಾದ ಮಾಡುವುದಕ್ಕೆ ಮನಸ್ಸು ಬರುವುದಿಲ್ಲ. ಅಜ್ಜಂದಿರು ತಮ್ಮ ಮದುವೆ ಊಟದ ಬಗ್ಗೆ ಹೇಳುವಾಗ ಉಪ್ಪು ಜಾಸ್ತಿ ಇತ್ತಾ ಅಂತ ಯಾರಾದರೂ ಕೇಳುತ್ತಾರಾ?

ಗೆಳೆಯನ ಹತ್ತಿರ ಇನ್ನೊಂದು ಅಸ್ತ್ರ ಇದೆ, ಅದು ನಮ್ಮೂರಿನದು. "ಗೇಲ್ ಆರ್‌ಸಿಬಿಗೆ ಯಾವಾಗ ಬಂದ ಹೇಳು?" 2011ರ ಹರಾಜಿನಲ್ಲಿ ಕ್ರಿಸ್ ಗೇಲ್‌ನನ್ನು ಯಾರೂ ಕೊಳ್ಳಲಿಲ್ಲ. ಡರ್ಕ್ ನ್ಯಾನಿಸ್ ಗಾಯಗೊಂಡ ಅಂತ ಸೀಸನ್ ಮಧ್ಯೆ ಕರೆಸಿಕೊಂಡರು. ಮೊದಲ ಪಂದ್ಯದಲ್ಲೇ ಕೋಲ್ಕತ್ತಾ ವಿರುದ್ಧ ಶತಕ ಹೊಡೆದ. "ಪಾಟೀದಾರ್?" 2022ರಲ್ಲಿ ರಜತ್ ಪಾಟೀದಾರ್ ಹರಾಜಿನಲ್ಲಿ ಉಳಿದುಹೋದವನು. ಲವ್‌ನೀತ್ ಸಿಸೋಡಿಯಾ ಬದಲಿಗೆ ಬಂದ. ಎಲಿಮಿನೇಟರ್‌ನಲ್ಲಿ ಲಕ್ನೋ ಮೇಲೆ ಔಟಾಗದೆ 112. ಮೂರು ವರ್ಷದ ಮೇಲೆ ಅವನೇ ಕ್ಯಾಪ್ಟನ್ ಆಗಿ, 18ನೇ ಸೀಸನ್‌ನಲ್ಲಿ ಕಪ್ ಎತ್ತಿದ. "ಮಧ್ಯೆ ಬಂದವರೇ ಮಾರಾಯ ನಮ್ಮ ಮಾನ ಉಳಿಸಿದ್ದು."

ಚೆನ್ನಾಗಿದೆ. ಆದರೆ ಗೇಲ್ ಬಂದಾಗ ನಾವು ಯಾರನ್ನು ಕೊಟ್ಟೆವು? ಯಾರನ್ನೂ ಇಲ್ಲ. ದುಡ್ಡು ಕೊಟ್ಟೆವು ಅಷ್ಟೇ. ಬೇಸ್‌ಬಾಲ್‌ನ ಜುಲೈನಲ್ಲಿ ಕೊಡಬೇಕಾದ್ದು ಹುಡುಗರನ್ನು. ಇನ್ನೂ ಮೀಸೆ ಸರಿಯಾಗಿ ಬರದ, ಯಾವುದೋ ಸಣ್ಣ ಊರಿನ ಮೈನರ್ ಲೀಗ್ ತಂಡದಲ್ಲಿ ಬಸ್ಸಲ್ಲಿ ಓಡಾಡುತ್ತಾ ಆಡುತ್ತಿರುವವರನ್ನು. ಅವರಲ್ಲಿ ಯಾರು ವಾರಿಟೆಕ್ ಆಗುತ್ತಾನೆ, ಯಾರು ಊರಿಗೆ ವಾಪಸ್ ಹೋಗಿ ಅಂಗಡಿ ಇಡುತ್ತಾನೆ, ಆ ಹೊತ್ತಿಗೆ ಯಾರಿಗೂ ಗೊತ್ತಿರುವುದಿಲ್ಲ.

ಈಗ ಜೀನೋ ವಿಷಯಕ್ಕೆ ಬರುತ್ತೇನೆ. ನನ್ನ ಸಿಟ್ಟಿನ ಬೇರು ಇರುವುದು ಅಲ್ಲೇ.

2023ರಲ್ಲಿ ಅವನು 162 ಪಂದ್ಯವನ್ನೂ ಆಡಿದ. 22 ಹೋಮ್ ರನ್. ಜೊತೆಗೆ 214 ಸಲ, ಚೆಂಡು ಹೊಡೆಯಲಾಗದೆ ಔಟಾಗುವ ಸ್ಟ್ರೈಕ್‌ಔಟ್, ಮೇಜರ್ ಲೀಗ್‌ನ ಎರಡು ಭಾಗದಲ್ಲಿ ನಮ್ಮದಾದ ಅಮೆರಿಕನ್ ಲೀಗ್‌ನಲ್ಲೇ ಅತಿ ಹೆಚ್ಚು. ಮ್ಯಾರಿನರ್ಸ್ 88 ಗೆದ್ದರು. ಟೊರೊಂಟೊ 89. ಒಂದೇ ಒಂದು ಪಂದ್ಯದಲ್ಲಿ ಪ್ಲೇಆಫ್ ತಪ್ಪಿತು. ಆ ಜುಲೈನಲ್ಲಿ ನಮ್ಮವರು ಕೊಳ್ಳುವುದಿರಲಿ, ಕೊನೆಯ ಓವರ್‌ನ ಬೌಲರ್ ಥರ ಇದ್ದ ಪಾಲ್ ಸೀವಾಲ್ಡ್‌ನನ್ನೇ ಅರಿಜೋನಾಕ್ಕೆ ಮಾರಿದ್ದರು. ಅರಿಜೋನಾ ವರ್ಲ್ಡ್ ಸೀರೀಸ್‌ಗೆ ಹೋಯಿತು. ನವೆಂಬರ್‌ನಲ್ಲಿ ಜೀನೋನೂ ಅಲ್ಲಿಗೇ ಹೋದ. ಸ್ಟ್ರೈಕ್‌ಔಟ್ ಜಾಸ್ತಿ ಅನ್ನುವುದು ಒಂದು ಕಾರಣ. ಮುಂದಿನ ವರ್ಷ ಅವನಿಗೆ ಕೊಡಬೇಕಿದ್ದ ಸುಮಾರು 1.1 ಕೋಟಿ ಡಾಲರ್ ಉಳಿಯಿತು ಅನ್ನುವುದು ಯಾರೂ ಜೋರಾಗಿ ಹೇಳದ ಕಾರಣ.

2024ರಲ್ಲಿ ಜೀನೋ ಅರಿಜೋನಾಕ್ಕೆ 30 ಹೋಮ್ ರನ್ ಹೊಡೆದ, 101 ರನ್ ತಂದುಕೊಟ್ಟ. ಅವನು ಆಡುತ್ತಿದ್ದ ನಮ್ಮ ಮೂರನೇ ಬೇಸ್‌ನಲ್ಲಿ ಆ ತಾಕತ್ತಿನವರು ಯಾರೂ ಇರಲಿಲ್ಲ. ಜೂನ್ ಮಧ್ಯದಲ್ಲಿ ಮ್ಯಾರಿನರ್ಸ್ ಡಿವಿಷನ್‌ನಲ್ಲಿ 10 ಪಂದ್ಯ ಮುಂದಿದ್ದರು. ಆಮೇಲೆ ಬ್ಯಾಟ್‌ಗಳು ನಿದ್ದೆ ಹೋದವು. ತಿಂಗಳೊಪ್ಪತ್ತಿನಲ್ಲಿ ಆ ಹತ್ತೂ ಕರಗಿಹೋಯಿತು. ಜುಲೈ ಕೊನೆಗೆ ರ್‍ಯಾಂಡಿ ಅರೊಸರೇನಾನನ್ನು ತಂದರು, ಜಸ್ಟಿನ್ ಟರ್ನರ್‌ನನ್ನು ತಂದರು. ತರುವ ಹೊತ್ತಿಗೆ ಅಂತರ ಆಗಲೇ ಸೊನ್ನೆಯಾಗಿತ್ತು. ಕೊನೆಗೆ ಎಷ್ಟು ಗೆದ್ದರು? 85. ಕನ್ಸಾಸ್ ಸಿಟಿ, ಡೆಟ್ರಾಯಿಟ್ 86 ಗೆದ್ದು ಒಳಗೆ ಹೋದವು. ಮತ್ತೆ ಒಂದು ಪಂದ್ಯ.

ಎರಡು ವರ್ಷ, ಎರಡು ಸಲವೂ ಒಂದೊಂದು ಪಂದ್ಯ. ಇದಕ್ಕೇ ನಾನು ಕುಲಾವಿ ಪಕ್ಷ. ಏಪ್ರಿಲ್‌ನಲ್ಲಿ, ಮೈ ನಡುಗುವ ಚಳಿಯಲ್ಲಿ, ಅರ್ಧ ಖಾಲಿ ಕ್ರೀಡಾಂಗಣದಲ್ಲಿ ಸೋತ ಪಂದ್ಯಕ್ಕೂ ಪಟ್ಟಿಯಲ್ಲಿ ಅಷ್ಟೇ ತೂಕ. ಸೆಪ್ಟೆಂಬರ್‌ನ ಸೋಲು ಮಾತ್ರ ನೋಯುತ್ತದೆ, ಯಾಕಂದರೆ ಆಗ ಎಲ್ಲರೂ ನೋಡುತ್ತಿರುತ್ತಾರೆ. ಏಪ್ರಿಲ್‌ನದು ಯಾರಿಗೂ ನೆನಪಿರುವುದಿಲ್ಲ. ಜುಲೈಗೆ ಕಾಯೋಣ ಅನ್ನುವವರು ನೂರು ಪಂದ್ಯವನ್ನು ಪರೀಕ್ಷೆಯ ಮುಂಚಿನ ಓದಿನ ರಜೆ ಅಂದುಕೊಂಡಿರುತ್ತಾರೆ. ಅದೇ ಪರೀಕ್ಷೆ ಅಲ್ವಾ?

ಗೆಳೆಯ ಇದನ್ನು ಕೇಳಿ ಕೇಳಿ ಸುಸ್ತಾಗಿದ್ದಾನೆ. "ಸರಿ, ಆದ್ರೆ ಆ ನವೆಂಬರ್‌ನಲ್ಲಿ ಮಾಡಿದ್ದೂ ಚಳಿಗಾಲದ ಟ್ರೇಡೇ ಅಲ್ವಾ?" ಅಂತ ಒಮ್ಮೆ ಕೇಳಿದ. ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ.

2025ರ ಜುಲೈಯನ್ನು ಅವನು ಪೂರ್ತಿ ಗೆದ್ದ, ಒಪ್ಪಿಕೊಳ್ಳುತ್ತೇನೆ. ಜೀನೋಗಿಂತ ಒಂದು ವಾರ ಮುಂಚೆ ಅರಿಜೋನಾದಿಂದಲೇ ಜಾಶ್ ನೇಲರ್ ಬಂದಿದ್ದ. ದಪ್ಪಗೆ, ಗುಂಡಗೆ ಇರುವ ಮನುಷ್ಯ, ಓಡುವುದನ್ನು ನೋಡಿದರೆ ಅಯ್ಯೋ ಅನ್ನಿಸುತ್ತದೆ. ಅಂಥವನು ಇಲ್ಲಿಗೆ ಬಂದ ಮೇಲೆ 19 ಬೇಸ್ ಕದ್ದ, ಅಂದರೆ ಯಾರೂ ಚೆಂಡು ಹೊಡೆಯದೆಯೇ ಮುಂದಿನ ಬೇಸ್‌ಗೆ ಓಡಿದ. ಒಂದು ಸಲವೂ ಸಿಕ್ಕಿಬೀಳಲಿಲ್ಲ. ಪಿಚರ್‌ನ ಕಾಲು, ಭುಜ ಓದಿಕೊಂಡು, ಅವನು ಮರೆತ ಕ್ಷಣದಲ್ಲಿ ಹೊರಟುಬಿಡುತ್ತಿದ್ದ. ಸಂತೆಯಲ್ಲಿ ಸದ್ದಿಲ್ಲದೆ ಬಾಳೆಹಣ್ಣು ಎಗರಿಸುವ ಬಸವನ ಹಾಗೆ. ಜೀನೋ ಮಾತ್ರ ತಿಣುಕಿದ. ಬಂದ ಮೇಲೆ ಅವನ ಸರಾಸರಿ .189. ಅಂದರೆ ನೂರು ಸಲ ಬ್ಯಾಟ್ ಬೀಸಲು ನಿಂತರೆ ಹತ್ತೊಂಬತ್ತು ಹಿಟ್ ಕೂಡ ಇಲ್ಲ. ಅದರಲ್ಲೇ 13 ಹೋಮ್ ರನ್ ಇದ್ದವು ಅನ್ನಿ. ನಮ್ಮ ಕ್ಯಾಲ್ ರಾಲಿ 60 ಹೋಮ್ ರನ್ ಹೊಡೆದ. 90 ಗೆಲುವು. 2001ರ ನಂತರ ಮೊದಲ ಸಲ ಡಿವಿಷನ್ ನಮ್ಮದಾಯಿತು.

ಅಕ್ಟೋಬರ್ 17, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ. ವರ್ಲ್ಡ್ ಸೀರೀಸ್‌ಗೆ ಯಾರು ಅಂತ ನಿರ್ಧರಿಸುವ ಅಮೆರಿಕನ್ ಲೀಗ್ ಫೈನಲ್‌ನ ಐದನೇ ಪಂದ್ಯ, ಟೊರೊಂಟೊ ಎದುರು, ಸರಣಿ 2-2. ಆಫೀಸಿನ ಹಿರಿಯರ ಹೆಂಡತಿಗೆ ಜ್ವರ. ಆ ಸೀಟು ನನಗೆ ಬಂತು. ಅವರು ಪ್ರತಿ ಪಂದ್ಯವನ್ನೂ ಪೆನ್ಸಿಲ್ ಹಿಡಿದು ಬರೆದುಕೊಳ್ಳುತ್ತಾರೆ. ಉದ್ದನೆ ಪುಸ್ತಕ, ಒಬ್ಬೊಬ್ಬ ಬ್ಯಾಟರ್‌ಗೂ ಒಂದೊಂದು ಚೌಕ, ಚೌಕದೊಳಗೆ ಒಂದು ಪುಟ್ಟ ವಜ್ರಾಕೃತಿ. ರನ್ ಬಂದರೆ ಆ ವಜ್ರವನ್ನು ಪೂರ್ತಿ ತುಂಬಬೇಕು. ನಮ್ಮ ಮನೆಗಳಲ್ಲಿ ದೀಪಾವಳಿ ರಂಗೋಲಿಗೆ ಬಣ್ಣ ತುಂಬುವ ಶ್ರದ್ಧೆ ಅವರದು. ಎರಡನೇ ಇನಿಂಗ್ಸ್‌ನಲ್ಲಿ ಜೀನೋ ಹೋಮ್ ರನ್ ಹೊಡೆದಾಗ ಒಂದು ವಜ್ರ ತುಂಬಿದರು. ಆಮೇಲೆ ಅಷ್ಟು ಹೊತ್ತೂ ಖಾಲಿ. ಟೊರೊಂಟೊ 2-1 ಮುಂದೆ. ಪಕ್ಕದ ಹಳಿಯಲ್ಲಿ ಗೂಡ್ಸ್ ರೈಲು ಕೂಗಿಕೊಂಡು ಹೋಯಿತು. ಮುಂದಿನ ಸಾಲಿನ ಹೆಂಗಸು ಮುಖಕ್ಕೆ ಟವಲ್ ಮುಚ್ಚಿಕೊಂಡಿದ್ದಳು.

ಎಂಟನೇ ಇನಿಂಗ್ಸ್. ರಾಲಿ ಹೊಡೆದ ಚೆಂಡು ಆಕಾಶಕ್ಕೆ ಹೋಗಿ, ಎಷ್ಟೋ ಹೊತ್ತು ಅಲ್ಲೇ ಇದ್ದು, ಎಡಗಡೆ ಗೋಡೆಯಾಚೆ ಬಿತ್ತು. 2-2. ನಮ್ಮ ಪೊಲಾಂಕೊಗೆ ವಾಕ್, ಅಂದರೆ ನಾಲ್ಕು ಕೆಟ್ಟ ಎಸೆತಕ್ಕೆ ಬಿಟ್ಟಿ ಬೇಸ್. ನೇಲರ್‌ಗೆ ವಾಕ್. ಟೊರೊಂಟೊದವರು ಪಿಚರ್ ಬದಲಿಸಿದರು. ಬಂದವನು ಸೆರಾಂಥನಿ ಡೊಮಿಂಗೆಸ್. ಇವನೂ ಜುಲೈನಲ್ಲಿ ಬಂದವನೇ. ಬಾಲ್ಟಿಮೋರ್‌ನಲ್ಲಿ ಒಂದೇ ದಿನ ಎರಡು ಪಂದ್ಯ ಇದ್ದಾಗ, ಮೊದಲನೆಯದು ಮುಗಿದು ಎರಡನೆಯದು ಶುರುವಾಗುವ ಮಧ್ಯೆ ಬಾಲ್ಟಿಮೋರ್ ಅವನನ್ನು ಎದುರಾಳಿ ಟೊರೊಂಟೊಗೆ ಕೊಟ್ಟಿತ್ತು. ಮೈದಾನ ದಾಟಿ ಆಚೆ ಕಡೆ ಕೂತು, ಅವತ್ತೇ ತನ್ನ ಹಳೇ ತಂಡದ ಮೇಲೆ ಚೆಂಡು ಎಸೆದಿದ್ದ. ಈಗ ಇಲ್ಲಿ ಅವನ ಚೆಂಡು ಅರೊಸರೇನಾಗೆ ಬಡಿಯಿತು. ಬೇಸ್‌ಗಳು ಭರ್ತಿ. ಜೀನೋ ಬಂದ.

ಚೆಂಡು ಬಲಗಡೆ ಹೋಯಿತು. ಈ ಮೈದಾನದಲ್ಲಿ ಅಂಥ ಚೆಂಡನ್ನು ಮೊದಲು ಯಾರೂ ನಂಬುವುದಿಲ್ಲ. ಫೀಲ್ಡರ್ ಹಿಂದೆ ಹಿಂದೆ ಹೋಗಿ ನಿಂತುಬಿಟ್ಟ. ಆಮೇಲೆ ಕೇಳಿದ ಸದ್ದನ್ನು ನಾನು ಜೀವನದಲ್ಲಿ ಬೇರೆಲ್ಲೂ ಕೇಳಿಲ್ಲ. ಹಿರಿಯರು ನನ್ನ ತೋಳು ಹಿಡಿದು ಅಲ್ಲಾಡಿಸಿದರು. ಸುಮಾರು ಹೊತ್ತಾದ ಮೇಲೆ ಕೂತು ನಾಲ್ಕು ರನ್‌ನ ನಾಲ್ಕು ವಜ್ರ ತುಂಬಲು ಹೊರಟರು. ಎರಡನೆಯದಕ್ಕೇ ಪೆನ್ಸಿಲ್ ಮೊನೆ ಪಟ್ಟಂತ ಮುರಿಯಿತು. ನನ್ನ ಜೇಬಲ್ಲಿ ಒಂದು ನೀಲಿ ಬಾಲ್‌ಪೆನ್ ಇತ್ತು. ಮೂವತ್ತು ವರ್ಷದ ಪೆನ್ಸಿಲ್ ಲೆಕ್ಕದಲ್ಲಿ ಅವತ್ತಿನ ಮೂರು ರನ್ ಮಾತ್ರ ನೀಲಿ.

ಬೇಸ್‌ನಲ್ಲಿ ಇದ್ದವರಲ್ಲಿ ಇಬ್ಬರು ಜುಲೈನವರು. ಹೊಡೆದವನು ಜುಲೈನವನು. ಎಸೆದವನೂ ಜುಲೈನವನು. ರೈಲು ಹತ್ತುವ ಮುಂಚೆ ಗೆಳೆಯನಿಗೆ ಮೆಸೇಜ್ ಮಾಡಿದೆ: "ಬಾವಿಯಲ್ಲಿ ನೀರು ಬಂತು." ಅವನು ಬರೀ ನಗುವ ಮುಖ ಕಳಿಸಿದ. ದೊಡ್ಡ ಮನಸ್ಸು.

ಮೂರು ದಿನ ಬಿಟ್ಟು, ಅಕ್ಟೋಬರ್ 20, ಟೊರೊಂಟೊದಲ್ಲಿ ಏಳನೇ ಪಂದ್ಯ. ಮ್ಯಾರಿನರ್ಸ್ 3-1 ಮುಂದೆ. ಇನ್ನು ಒಂಬತ್ತು ಔಟ್ ಕೂಡ ಬೇಕಿರಲಿಲ್ಲ. 1977ರಿಂದ ಒಂದು ಸಲವೂ ವರ್ಲ್ಡ್ ಸೀರೀಸ್ ಮೆಟ್ಟಿಲು ಹತ್ತದ ತಂಡ, 30ರಲ್ಲಿ ಇದೊಂದೇ. ಗೆಳೆಯನ ಮನೆಯಲ್ಲಿ ಕೂತಿದ್ದೆವು, ಮಂಡಕ್ಕಿ ಉಸುಲಿ ತಟ್ಟೆಯಲ್ಲಿ ಮೆತ್ತಗಾಗುತ್ತಿತ್ತು. ಏಳನೇ ಇನಿಂಗ್ಸ್‌ನಲ್ಲಿ ಜಾರ್ಜ್ ಸ್ಪ್ರಿಂಗರ್ ಇಬ್ಬರನ್ನು ಬೇಸ್ ಮೇಲೆ ಇಟ್ಟುಕೊಂಡು ಎಡಗಡೆ ಎತ್ತಿ ಹೊಡೆದ. 4-3. ಅಲ್ಲಿಗೇ ಮುಗಿಯಿತು.

ಸ್ಪ್ರಿಂಗರ್ ಟೊರೊಂಟೊಗೆ ಬಂದಿದ್ದು 2021ರ ಜನವರಿಯಲ್ಲಿ. ಆರು ವರ್ಷಕ್ಕೆ 15 ಕೋಟಿ ಡಾಲರ್. ನನಗೆ ಅದು ನೆನಪಾಯಿತು. ಹೇಳಲಿಲ್ಲ. ಗೆಳೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದ. ನಲ್ಲಿ ನೀರಿನ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಎರಡು ತಟ್ಟೆ ತೊಳೆಯಲು ಅಷ್ಟು ಹೊತ್ತು ಬೇಡ.

ನವೆಂಬರ್ ಮಧ್ಯದಲ್ಲಿ ಸುದ್ದಿ ಬಂತು. ಒಪ್ಪಂದ ಮುಗಿದಿದ್ದ ನೇಲರ್ ಮ್ಯಾರಿನರ್ಸ್‌ಗೇ ಮತ್ತೆ ಸಹಿ ಹಾಕಿದ್ದ. ಐದು ವರ್ಷ, 9.25 ಕೋಟಿ ಡಾಲರ್. ಫೋನ್ ಮಾಡಿದೆ.

"ನೋಡು, ಚಳಿಗಾಲ ಶುರುವಾಗೋ ಮುಂಚೆನೇ ಕೆಲಸ ಮುಗಿಸಿದ್ರು. ಕುಲಾವಿ ಅಂದ್ರೆ ಇದು," ಅಂದೆ.

"ಅವ್ನು ಜುಲೈನಲ್ಲಿ ಬರದೇ ಇದ್ದಿದ್ರೆ ಈ ಊರು ಹೇಗಿದೆ ಅಂತಾದ್ರೂ ಗೊತ್ತಾಗ್ತಿತ್ತಾ ಅವ್ನಿಗೆ? ಬಾವಿ ಮಾರಾಯ, ಬಾವಿ."

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಅವನ ಕಡೆ ಕುಕ್ಕರ್ ಕೂಗಿತು. ನನ್ನ ಕಿಟಕಿ ಹೊರಗೆ ಸಿಯಾಟಲ್‌ನ ಮಾಮೂಲಿ ಮಳೆ, ಸೋನೆಯೂ ಅಲ್ಲ, ಜೋರೂ ಅಲ್ಲ. ಜೀನೋನ ಒಪ್ಪಂದವೂ ಮುಗಿದಿತ್ತು. ಅವನು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು.

"ಮೂರನೇ ಬೇಸ್‌ಗೆ ಈಗ ಯಾರು?" ಅಂತ ಗೆಳೆಯ ಕೇಳಿದ.